ಮೂರು ಎಕರೆ ಇಪ್ಪತ್ತೆಂಟು ಗುಂಟೆ ಎಲ್ಲಿ ಹೋಯಿತು

ಮಂಗಳವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಫೋನ್ ಬಂತು. "ತಮ್ಮಾ, ನಿನ್ನ ಪ್ರೋಗ್ರಾಮ್ ಮೂರ ಎಕರಿ ಇಪ್ಪತ್ತೆಂಟ ಗುಂಟಿ ನುಂಗ್ಯದ ನೋಡು."

ಫೋನ್ ಮಾಡಿದವರು ನಮ್ಮ ಓಣಿಯ ಕಾಕಾ. ಕಲಬುರಗಿಯ ಮಿನಿ ವಿಧಾನಸೌಧದ ಹತ್ತಿರ ಬಾಂಡ್ ರೈಟರ್. ಖರೀದಿ ಪತ್ರ, ವಾಟ್ನಿ (ಪಾಲು) ಪತ್ರ ಬರೆಯುತ್ತಾರೆ. ಹೊಲದ ವಿಸ್ತೀರ್ಣ ಕೂಡಿಸಿ, ಖರಾಬು ಕಳೆದು, ಹಣವನ್ನು ಅಕ್ಷರದಲ್ಲಿ ಬರೆದುಕೊಡುವ ಸಣ್ಣ ಪ್ರೋಗ್ರಾಮ್ ಒಂದನ್ನು ಅವರಿಗೆ ಮಾಡಿಕೊಟ್ಟಿದ್ದೇನೆ. ಅದರ ಹೊಟ್ಟೆಯಲ್ಲಿರುವುದು ಪರ್ಲ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾನೇ ಬರೆದ ಮಾಡ್ಯೂಲ್, ಅಂದರೆ ಕೋಡಿನ ಒಂದು ಕಟ್ಟು. ಈ ಕಾಲದಲ್ಲಿ ಪರ್ಲ್ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ನನಗೆ ಚೆನ್ನಾಗಿ ಬರುವುದು ಅದು, ಅಷ್ಟೇ.

ಆಳಂದ ತಾಲೂಕಿನ ಒಂದು ಹೊಲದ ಪತ್ರವಂತೆ. ಎರಡು ಸರ್ವೆ ನಂಬರ್. ಒಂದು 3 ಎಕರೆ 28 ಗುಂಟೆ, ಇನ್ನೊಂದು 2 ಎಕರೆ 25 ಗುಂಟೆ. ಕೂಡಿದರೆ 6 ಎಕರೆ 13 ಗುಂಟೆ ಬರಬೇಕು. ನನ್ನ ಪ್ರೋಗ್ರಾಮ್ 2 ಎಕರೆ 25 ಗುಂಟೆ ಅಂತ ಕೊಟ್ಟಿತ್ತು. ಪುಣ್ಯಕ್ಕೆ ಅದು ಇನ್ನೂ ಕರಡು, ನೋಂದಣಿಗೆ ಹೋಗಿರಲಿಲ್ಲ. ಕಾಕಾ ಇಷ್ಟು ವರ್ಷ ಬಾಯಿಲೆಕ್ಕದಲ್ಲೇ ಗುಂಟೆ ಕೂಡಿಸಿಕೊಂಡು ಬಂದವರು. ಅವರ ಕಣ್ಣು ತಪ್ಪಿಸುವುದು ಕಷ್ಟ.

ಗುಂಟೆ ಲೆಕ್ಕ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು, ಈ ಮಾಡ್ಯೂಲ್ ಹುಟ್ಟಿದ್ದೇ ಅದರಿಂದ. 16 ಆಣೆಗೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಗುಂಟೆ ಅಂದರೆ 1,089 ಚದರ ಅಡಿ, ಎಕರೆ ಅಂದರೆ 43,560. ಪಹಣಿಯಲ್ಲಿ ಎಕರೆ, ಗುಂಟೆ, ಆಣೆ ಬೇರೆ ಬೇರೆಯಾಗಿಯೇ ಇರುತ್ತವೆ. ಆದರೆ ಟೈಪ್ ಮಾಡುವ ಹುಡುಗರು ಎಕ್ಸೆಲ್‌ನಲ್ಲಿ 3.28 ಅಂತ ಹೊಡೆಯುತ್ತಾರೆ. ಕೆಳಗೆ 2.25. ಮೊತ್ತ 5.53 ಅಂತ ಬರುತ್ತದೆ. 53 ಗುಂಟೆ ಅನ್ನುವುದು ಎಲ್ಲಾದರೂ ಉಂಟಾ? ಇನ್ನೊಂದು ಎಡವಟ್ಟು ಅದಕ್ಕಿಂತ ಕೆಟ್ಟದ್ದು. ದಶಮಾಂಶವಾಗಿ ಓದಿದರೆ 3.28 ಎಕರೆ ಅಂದರೆ 3 ಎಕರೆ 11 ಗುಂಟೆ ಚಿಲ್ಲರೆ. ಒಂದೇ ಬರಹ, ಎರಡು ಹೊಲ. ಇದನ್ನೆಲ್ಲ ಸರಿಯಾಗಿ ಓದಿ ಲೆಕ್ಕ ಹಾಕಲೆಂದೇ ಮಾಡ್ಯೂಲ್ ಬರೆದದ್ದು. ಪ್ರತಿ ಎಡವಟ್ಟಿಗೂ ಒಂದು ಟೆಸ್ಟ್, ಅಂದರೆ ಮಾಡ್ಯೂಲ್ ಸರಿಯಾದ ಉತ್ತರ ಕೊಡುತ್ತದಾ ಅಂತ ನೋಡುವ ಸಣ್ಣ ಪ್ರೋಗ್ರಾಮ್, ಬರೆಯುತ್ತ ಹೋದೆ.

ಹಾಗೆ ಬರೆದೂ ಬರೆದೂ 37 ಟೆಸ್ಟ್ ಫೈಲುಗಳಾದವು. ಎಲ್ಲವೂ "ಟಿ" ಅನ್ನುವ ಒಂದೇ ಫೋಲ್ಡರ್‌ನಲ್ಲಿ. ಪರ್ಲ್ ಲೋಕದಲ್ಲಿ ಟೆಸ್ಟುಗಳು ಇರುವ ಜಾಗ ಅದೇ. 1987ರಲ್ಲಿ ಬಂದ ಮೊದಲ ಪರ್ಲ್‌ನ ಸೋರ್ಸ್ ಜೊತೆಗೂ ಟಿ ಫೋಲ್ಡರ್ ಇತ್ತು. ಫೈಲಿನ ಕೊನೆಗೆ ಚುಕ್ಕೆ ಟಿ. ಒಳಗೆ ಎಷ್ಟು ಪರೀಕ್ಷೆ ಅನ್ನುವ ಒಂದು ಸಾಲು, ಜೊತೆಗೆ ಪ್ರತಿ ಪರೀಕ್ಷೆಗೂ "ಓಕೆ" ಅಥವಾ "ನಾಟ್ ಓಕೆ" ಅಂತ ಒಂದು ಸಾಲು ಮುದ್ರಿಸಿದರೆ ಮುಗಿಯಿತು. ಆ ಸಾಲುಗಳನ್ನು ಎಣಿಸಿ ಪಾಸು, ಫೇಲು ಹೇಳುವ ಕೆಲಸ ಹಾರ್ನೆಸ್‌ನದು.

ಎಂಟು ಹತ್ತು ಫೈಲು ಇರುವಾಗ ಒಂದೇ ಫೋಲ್ಡರ್ ಸಾಕು. 37 ಆದಾಗ ಬೇಡ ಅನಿಸುತ್ತದೆ. ನಾನು ಮುಂದೆ ನಂಬರ್ ಹಾಕಿ ಹೆಸರಿಟ್ಟಿದ್ದೆ. 10ರಿಂದ ಓದುವುದು, 20ರಿಂದ ಕೂಡುವುದು, 30ರಿಂದ ಅಕ್ಷರ. 20ರ ಸಾಲು ತುಂಬಿ 29 ದಾಟಿತು. ಆಮೇಲೆ 29ಎ, 29ಬಿ. ಗೋದಾಮಿನಲ್ಲಿ ತೊಗರಿ ಚೀಲದ ಮೇಲೆ ಕಡಲೆ ಚೀಲ ಒಟ್ಟಿದಂತೆ. ಯಾವುದು ಎಲ್ಲಿದೆ ಅಂತ ನನಗೇ ಗೊತ್ತಾಗುತ್ತಿರಲಿಲ್ಲ.

ಹೋದ ಭಾನುವಾರ ಬೆಳಗ್ಗೆ ಆರಕ್ಕೇ ಕೂತೆ. ಮೇ ತಿಂಗಳಲ್ಲಿ ನಮ್ಮ ಊರಿನಲ್ಲಿ ತಲೆ ಓಡಿಸುವ ಕೆಲಸ ಇದ್ದರೆ ಹತ್ತರೊಳಗೆ ಮುಗಿಸಬೇಕು. ಆಮೇಲೆ ಫ್ಯಾನೂ ಬಿಸಿಗಾಳಿಯನ್ನೇ ಬೀಸುತ್ತದೆ. ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನ ಮೂವ್ ಕಮಾಂಡಿನಿಂದ ಒಂದೊಂದೇ ಫೈಲನ್ನು ಸಾಗಿಸಿದೆ. ಸುಮ್ಮನೆ ಎಳೆದು ಹಾಕಿದರೆ ತೆಗೆದದ್ದು, ಸೇರಿಸಿದ್ದು ಎರಡನ್ನೂ ಗಿಟ್‌ಗೆ ಬೇರೆಯಾಗಿ ಹೇಳಬೇಕು, ಇದರಲ್ಲಿ ಆ ಕೆಲಸವೂ ಒಟ್ಟಿಗೇ ಆಗುತ್ತದೆ. ಕೊನೆಗೆ ಹೀಗಾಯಿತು. ಡಿಸ್ಕ್ ಮೇಲೆ ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲೇ ಇವೆ, ಇಲ್ಲಿ ಓದಲು ಸುಲಭವಾಗಲಿ ಅಂತ ಕನ್ನಡದಲ್ಲಿ ಬರೆದಿದ್ದೇನೆ.

ಟಿ/ (ನೇರವಾಗಿ 2 ಫೈಲು: ಲೋಡ್ ಆಗುತ್ತಾ, ಆವೃತ್ತಿ ಸರಿ ಇದೆಯಾ)
ಟಿ/ಓದು/ (9)
ಟಿ/ಲೆಕ್ಕ/ (11)
ಟಿ/ಅಕ್ಷರ/ (3)
ಟಿ/ಅಕ್ಷರ/ಹಳೆತಪ್ಪು/ (5)
ಟಿ/ಮುದ್ರಣ/ (4)
ಟಿ/ಲಿಬ್/ (ಟೆಸ್ಟುಗಳಿಗೆ ಬೇಕಾದ ಸಹಾಯಕ ಮಾಡ್ಯೂಲ್)
ಟಿ/ಡೇಟಾ/ (ಮಾದರಿ ಪಹಣಿ ಸಾಲುಗಳು)
ಎಕ್ಸ್‌ಟಿ/ (3)

ಟಿ ಒಳಗೆ 34, ಎಕ್ಸ್‌ಟಿಯಲ್ಲಿ 3. ಎಕ್ಸ್‌ಟಿ ಅನ್ನುವುದು ಬರೆದವನಿಗೆ ಮಾತ್ರ ಬೇಕಾದ ಟೆಸ್ಟುಗಳಿಗೆ ಇರುವ ರೂಢಿ. ದಾಖಲೆಯಲ್ಲಿ ತಪ್ಪು ಇದೆಯಾ, ಎಲ್ಲ ಫಂಕ್ಷನ್‌ಗೂ ವಿವರಣೆ ಇದೆಯಾ ಅಂತ ನೋಡುವಂಥವು. ಕಾಕಾನ ಮೆಷಿನ್‌ನಲ್ಲಿ ಅವು ಓಡಿ ಏನೂ ಆಗಬೇಕಾಗಿಲ್ಲ.

ಟೆಸ್ಟುಗಳನ್ನು ಓಡಿಸುವ "ಮೇಕ್ ಟೆಸ್ಟ್" ಕಮಾಂಡ್ ಕೊಟ್ಟೆ. "ಆಲ್ ಟೆಸ್ಟ್ಸ್ ಸಕ್ಸೆಸ್‌ಫುಲ್" ಬಂತು. ರಿಸಲ್ಟ್ ಪಾಸ್. ಅದೇ ಖುಷಿಯಲ್ಲಿ ಓದುವ ಭಾಗದ ಕೋಡನ್ನೂ ಸ್ವಲ್ಪ ಗುಡಿಸಿದೆ. ಮತ್ತೆ ಮೇಕ್ ಟೆಸ್ಟ್, ಮತ್ತೆ ಪಾಸ್. ಎಲ್ಲ ಫೈಲುಗಳನ್ನು ಟಾರ್ ಅನ್ನುವ ಒಂದೇ ಫೈಲಾಗಿ ಕಟ್ಟಿದೆ. ಸೋಮವಾರ ಕಾಕಾನ ಅಂಗಡಿಗೆ ಹೋಗಿ ಹಾಕಿ ಬಂದೆ. ಅವರದು ವಿಂಡೋಸ್, ಸ್ಟ್ರಾಬೆರಿ ಪರ್ಲ್, ಅಲ್ಲಿ ಮೇಕ್ ಬದಲು ಜಿಮೇಕ್. ಅಲ್ಲೂ ಪಾಸ್. ಛಾ ಕುಡಿದು ಮನೆಗೆ ಬಂದೆ.

ಮಂಗಳವಾರ ಸಂಜೆ ಅವರ ಫೈಲನ್ನು ತರಿಸಿಕೊಂಡು ನೋಡಿದೆ. ಮೊದಲ ಸಾಲು ೩-೨೮. ಎರಡನೆಯದು 2-25. ಒಂದು ಕನ್ನಡ ಅಂಕಿ, ಒಂದು ಇಂಗ್ಲಿಷ್ ಅಂಕಿ. ಇದೇನೂ ವಿಚಿತ್ರ ಅಲ್ಲ. ಒಂದನ್ನು ಕಾಕಾ ಹೊಡೆದಿದ್ದಾರೆ, ಇನ್ನೊಂದನ್ನು ಅಂಗಡಿಯ ಹುಡುಗ.

ಪರ್ಲ್‌ನ ರೆಗೆಕ್ಸ್‌ನಲ್ಲಿ, ಅಂದರೆ ಪಠ್ಯದಲ್ಲಿ ಹುಡುಕಬೇಕಾದ ಮಾದರಿಯನ್ನು ಬರೆಯುವ ರೀತಿಯಲ್ಲಿ, ಅಂಕಿಗೆ ಒಂದು ಗುರುತು ಇದೆ, ಬ್ಯಾಕ್‌ಸ್ಲ್ಯಾಶ್ ಹಾಕಿ ಡಿ. ಯುನಿಕೋಡ್ ಪಠ್ಯದಲ್ಲಿ ಅದು ಕನ್ನಡ ಅಂಕಿಯನ್ನೂ ಅಂಕಿ ಅಂತಲೇ ಒಪ್ಪಿಕೊಳ್ಳುತ್ತದೆ. ಅಲ್ಲಿಗೆ ಸರಿ. ಆದರೆ ಕೂಡಿಸುವಾಗ ಪರ್ಲ್‌ಗೆ ಗೊತ್ತಿರುವುದು 0ರಿಂದ 9 ಮಾತ್ರ. ೩ ಅನ್ನುವ ಅಕ್ಷರವನ್ನು ಸಂಖ್ಯೆ ಮಾಡು ಅಂದರೆ ಸೊನ್ನೆ ಮಾಡುತ್ತದೆ. "ಇದು ಸಂಖ್ಯೆ ಅಲ್ಲ" ಅಂತ ಒಂದು ಎಚ್ಚರಿಕೆ ಹೇಳುತ್ತದೆ, ನಿಜ. ಆ ಎಚ್ಚರಿಕೆ ಹೋಗುವುದು ಕಾಕಾ ಎಂದೂ ತೆರೆಯದ ಲಾಗ್ ಫೈಲಿಗೆ. ಬಾಗಿಲಲ್ಲಿ "ಬರ್ರಿ ಬರ್ರಿ" ಅಂತ ಕರೆದು, ಪಂಕ್ತಿಯಲ್ಲಿ ಎಲೆಯನ್ನೇ ಹಾಕದ ಹಾಗೆ.

ಹಿಂದೆ ಇದಕ್ಕೆಂದೇ ಒಂದು ಸಾಲು ಇತ್ತು. ಓದುವ ಮೊದಲೇ ೦ರಿಂದ ೯ನ್ನು 0ರಿಂದ 9ಕ್ಕೆ ಬದಲಿಸುವ ಸಾಲು. ಭಾನುವಾರ ಕೋಡ್ ಗುಡಿಸುವಾಗ "ರೆಗೆಕ್ಸ್ ಹೇಗೂ ಕನ್ನಡ ಅಂಕಿ ಒಪ್ಪುತ್ತದಲ್ಲ" ಅಂದುಕೊಂಡು ಅದನ್ನು ತೆಗೆದುಬಿಟ್ಟಿದ್ದೆ. ನನ್ನದೇ ತಪ್ಪು. ಆದರೆ ಕನ್ನಡ ಅಂಕಿಗೆ ಟೆಸ್ಟ್ ಬರೆದಿದ್ದೆ, ಅದು ಚೆನ್ನಾಗಿ ನೆನಪಿದೆ. ಅದು ಯಾಕೆ ಕೂಗಿಕೊಳ್ಳಲಿಲ್ಲ?

ಮತ್ತೆ ಮೇಕ್ ಟೆಸ್ಟ್ ಕೊಟ್ಟೆ. ಈ ಸಲ ರಿಸಲ್ಟ್‌ನ ಮೇಲಿನ ಸಾಲನ್ನೂ ಓದಿದೆ. ಫೈಲ್ಸ್ 2.

ಎರಡು! 34 ಇರಬೇಕಾದ ಕಡೆ ಎರಡು. ಭಾನುವಾರದಿಂದ ನಾನು ನೋಡುತ್ತಿದ್ದ ಪಾಸ್ ಎಲ್ಲ ಲೋಡ್ ಆಗುತ್ತಾ, ಆವೃತ್ತಿ ಸರಿ ಇದೆಯಾ ಅನ್ನುವ ಎರಡು ಫೈಲಿನ ಪಾಸ್. ಉಳಿದ 32 ಫೈಲುಗಳು ಓಡೇ ಇಲ್ಲ.

ಕಾರಣ ಸರಳ. ಪ್ಯಾಕೇಜ್ ಕಟ್ಟಲು ನಾನು ಬಳಸುವುದು ಮೇಕ್‌ಮೇಕರ್. ಅದಕ್ಕೆ ಸೂಚನೆ ಕೊಡುವ ಮೇಕ್‌ಫೈಲ್.ಪಿಎಲ್‌ನಲ್ಲಿ ನಾವು ಏನೂ ಹೇಳದಿದ್ದರೆ ಅದು ನೋಡುವುದು ಟಿ/*.ಟಿ ಮಾತ್ರ. ಅಂದರೆ ಟಿ ಫೋಲ್ಡರ್‌ನಲ್ಲಿ ನೇರವಾಗಿ ಇರುವ ಫೈಲುಗಳು. ಒಳಗಿನ ಫೋಲ್ಡರ್‌ಗೆ ಅದು ಇಳಿಯುವುದಿಲ್ಲ. ಇಳಿಯಲಿಲ್ಲ ಅಂತ ಹೇಳುವುದೂ ಇಲ್ಲ. ಟೆಸ್ಟ್ ಓಡಿಸುವ ಇನ್ನೊಂದು ಕಮಾಂಡ್ "ಪ್ರೂವ್"ನ ಕಥೆಯೂ ಇದೇ. ಫೋಲ್ಡರ್ ಹೆಸರು ಕೊಟ್ಟರೆ ಮೇಲಿನ ಪದರ ಮಾತ್ರ ಓಡಿಸುತ್ತದೆ. ಒಳಗೆ ಇಳಿಯಬೇಕು ಅಂದರೆ ಸಣ್ಣ ಆರ್ ಸ್ವಿಚ್ ಕೊಡಬೇಕು.

ಮೇಕ್‌ಫೈಲ್.ಪಿಎಲ್ ತೆರೆದೆ. ರೈಟ್‌ಮೇಕ್‌ಫೈಲ್ ಅನ್ನುವ ಫಂಕ್ಷನ್‌ಗೆ "ಟೆಸ್ಟ್" ಅನ್ನುವ ಕೀ, ಅದರೊಳಗೆ ದೊಡ್ಡ ಅಕ್ಷರದ "ಟೆಸ್ಟ್ಸ್", ಅದಕ್ಕೆ ಬೆಲೆ "ಟಿ/*.ಟಿ ಟಿ/*/*.ಟಿ" ಅಂತ ಸೇರಿಸಿದೆ. ಎರಡು ಮಾದರಿ, ನಡುವೆ ಒಂದು ಖಾಲಿ ಜಾಗ. ವಿಂಡೋಸ್‌ನ ಶೆಲ್ ನಕ್ಷತ್ರವನ್ನು ಫೈಲುಗಳ ಹೆಸರಾಗಿ ಬಿಡಿಸುವುದಿಲ್ಲ, ಕಾಕಾನ ಮೆಷಿನ್‌ನಲ್ಲಿ ಏನಾಗುತ್ತದೋ ಅಂತ ಒಂದು ಕ್ಷಣ ಅನುಮಾನ ಬಂತು. ಆದರೆ ಮೇಕ್‌ಮೇಕರ್‌ನ ಟೆಸ್ಟ್ ಓಡಿಸುವ ಭಾಗವೇ ಅಲ್ಲಿ ಬಿಡಿಸಿಕೊಳ್ಳುತ್ತದೆ, ತೊಂದರೆ ಇಲ್ಲ. ಮೇಕ್‌ಫೈಲ್.ಪಿಎಲ್ ತಿದ್ದಿದ ಮೇಲೆ ಅದನ್ನು ಮತ್ತೊಮ್ಮೆ ಓಡಿಸಿ ಮೇಕ್‌ಫೈಲನ್ನು ಹೊಸದಾಗಿ ಮಾಡಿಕೊಳ್ಳಬೇಕು. ಮರೆತರೆ ಮೇಕ್ ತಾನೇ ಅದನ್ನು ಮಾಡಿ, "ಮತ್ತೆ ಕಮಾಂಡ್ ಕೊಡಿ" ಅಂತ ನಿಂತುಬಿಡುತ್ತದೆ.

ಓಡಿಸಿದೆ. ಪರದೆ ತುಂಬ ಕೆಂಪು.

ಕನ್ನಡ ಅಂಕಿಯ ಟೆಸ್ಟ್ ಮಾತ್ರ ಬೀಳಬೇಕಿತ್ತು. ಫೋಲ್ಡರ್‌ಗಳಲ್ಲಿ ಇದ್ದ ಟೆಸ್ಟುಗಳೆಲ್ಲ ಬಿದ್ದಿದ್ದವು. ಪ್ರತಿಯೊಂದಕ್ಕೂ "ಡುಬಿಯಸ್, ಟೆಸ್ಟ್ ರಿಟರ್ನ್ಡ್ 2". ಅದರ ಮೇಲೆ ನನ್ನ ಸಹಾಯಕ ಮಾಡ್ಯೂಲ್ ಸಿಗುತ್ತಿಲ್ಲ ಅನ್ನುವ ಸಾಲು. ಅಂದರೆ ಲೆಕ್ಕ ತಪ್ಪಿ ಬಿದ್ದದ್ದಲ್ಲ, ಮೊದಲ ಸಾಲಿನಲ್ಲೇ ಎಡವಿ ಬಿದ್ದದ್ದು.

ಈ ಸಹಾಯಕ ಮಾಡ್ಯೂಲ್ ಯಾಕೆ ಇದೆ ಅಂದರೆ, ನನ್ನ ಟೆಸ್ಟುಗಳ ಹೆಸರು ಕನ್ನಡದಲ್ಲಿವೆ. "ಗುಂಟೆ 40 ದಾಟಿದರೆ ಎಕರೆ ಏರಬೇಕು" ಅನ್ನುವಂಥವು. ಸುಮ್ನೆ ಮುದ್ರಿಸಿದರೆ ಪರ್ಲ್ "ವೈಡ್ ಕ್ಯಾರೆಕ್ಟರ್" ಅಂತ ಗೊಣಗುತ್ತದೆ. ಟೆಸ್ಟ್ ಬಿಲ್ಡರ್‌ಗೆ ಮೂರು ಔಟ್‌ಪುಟ್ ದಾರಿಗಳಿವೆ. ಮಾಮೂಲಿ ಸಾಲುಗಳಿಗೆ ಒಂದು, ಫೇಲಾದಾಗಿನ ವಿವರಕ್ಕೆ ಒಂದು, ಟುಡೂ, ಅಂದರೆ ಇನ್ನೂ ಮುಗಿಯದ ಕೆಲಸದ ಟೆಸ್ಟುಗಳಿಗೆ ಒಂದು. ಕನ್ನಡ ಅಕ್ಷರ ಹೋಗಲು ಮೂರನ್ನೂ ಯುಟಿಎಫ್-8 ಮಾಡಬೇಕು. ಅದನ್ನು 34 ಫೈಲಿನಲ್ಲಿ ಬರೆಯುವ ಬದಲು ಒಂದು ಮಾಡ್ಯೂಲ್‌ನಲ್ಲಿ ಬರೆದು ಟಿ/ಲಿಬ್‌ನಲ್ಲಿ ಇಟ್ಟಿದ್ದೆ. ಮಾದರಿ ಪಹಣಿ ಫೈಲನ್ನು ಓದಿಕೊಡುವ ಫಂಕ್ಷನ್ನೂ ಅಲ್ಲೇ.

ಟೆಸ್ಟುಗಳು ಅದನ್ನು ಹುಡುಕುತ್ತಿದ್ದದ್ದು ಫೈಂಡ್‌ಬಿನ್ ಮೂಲಕ. ಫೈಂಡ್‌ಬಿನ್ ಕೊಡುವುದು ಓಡುತ್ತಿರುವ ಫೈಲು ಯಾವ ಫೋಲ್ಡರ್‌ನಲ್ಲಿದೆ ಅನ್ನುವ ವಿಳಾಸ. ಅದರ ಮುಂದೆ "/ಲಿಬ್" ಸೇರಿಸಿದ್ದೆ. ಟೆಸ್ಟು ಟಿಯಲ್ಲಿ ಇರುವಷ್ಟು ದಿನ ಟಿ/ಲಿಬ್ ಸಿಗುತ್ತಿತ್ತು. ಟೆಸ್ಟು ಟಿ/ಓದುಗೆ ಹೋದ ಕೂಡಲೇ ಅದು ಟಿ/ಓದು/ಲಿಬ್ ಹುಡುಕುತ್ತದೆ. ಅಲ್ಲಿ ಏನೂ ಇಲ್ಲ. ಮನೆ ಬದಲಿಸಿದ ಮೇಲೂ "ನಮ್ಮ ಮನೆ ಪಕ್ಕದ ಕಿರಾಣಿ ಅಂಗಡಿ" ಅಂತಲೇ ದಾರಿ ಹೇಳಿದ ಹಾಗೆ.

ಎರಡು ದಾರಿ ಇದ್ದವು. ಒಂದು, ಪ್ರತಿ ಫೈಲಿನಲ್ಲೂ ನಡುವೆ ಎರಡು ಚುಕ್ಕೆ ಸೇರಿಸಿ ಒಂದು ಮೆಟ್ಟಿಲು ಮೇಲೆ ಹೋಗುವುದು. ಆಗ ಎಷ್ಟು ಆಳದಲ್ಲಿದೆಯೋ ಅಷ್ಟು ಚುಕ್ಕೆ ಎಣಿಸಬೇಕು, ಮತ್ತೆ ಸಾಗಿಸಿದರೆ ಮತ್ತೆ ಎಣಿಸಬೇಕು. ಇನ್ನೊಂದು, ಸುಮ್ನೆ "ಟಿ/ಲಿಬ್" ಅಂತ ಬರೆದುಬಿಡುವುದು. ಮೇಕ್ ಟೆಸ್ಟ್ ಯಾವಾಗಲೂ ಪ್ಯಾಕೇಜಿನ ಬೇರು ಫೋಲ್ಡರ್‌ನಲ್ಲಿ ನಿಂತೇ ಓಡುತ್ತದೆ. ಪ್ರೂವ್ ಕೂಡ ಎಲ್ಲಿ ನಿಂತು ಕರೆದೆವೋ ಅಲ್ಲಿಂದಲೇ. ಹಾಗಾಗಿ ಫೈಲು ಎಷ್ಟು ಆಳಕ್ಕೆ ಹೋದರೂ "ಟಿ/ಲಿಬ್" ಬದಲಾಗುವುದಿಲ್ಲ. ಒಳ ಫೋಲ್ಡರ್‌ಗೆ ಇಳಿದು ಅಲ್ಲಿಂದ ಟೆಸ್ಟ್ ಓಡಿಸಲು ಆಗುವುದಿಲ್ಲ, ಅದೊಂದು ನಷ್ಟ. ನಾನು ಹಾಗೆ ಓಡಿಸುವವನಲ್ಲ. ಎರಡನೆಯದನ್ನೇ ಹಿಡಿದೆ. ಡೇಟಾ ಫೈಲಿನ ದಾರಿಯನ್ನೂ ಹಾಗೆಯೇ "ಟಿ/ಡೇಟಾ" ಮಾಡಿದೆ. ಫೈಂಡ್‌ಬಿನ್ ಬೇಕೇ ಬೇಕು ಅನ್ನುವವರ ಜೊತೆ ಜಗಳ ಇಲ್ಲ.

ಈಗ ಓಡಿಸಿದರೆ ಒಂದೇ ಒಂದು ಫೈಲು ಕೆಂಪು. ಟಿ/ಓದು/ಕನ್ನಡ-ಅಂಕಿ. "ಬೇಕಾದದ್ದು 3, ಸಿಕ್ಕಿದ್ದು 0." ಅದನ್ನು ನೋಡಿ ಬೇಜಾರಾಗಬೇಕಿತ್ತು, ನೆಮ್ಮದಿಯಾಯಿತು. ಅಂಕಿ ಬದಲಿಸುವ ಸಾಲನ್ನು ವಾಪಸು ಹಾಕಿದೆ. ಜೊತೆಗೆ ರೆಗೆಕ್ಸ್‌ಗೆ ಸಣ್ಣ ಎ ಗುರುತು ಸೇರಿಸಿದೆ. 2011ರ ಪರ್ಲ್ 5.14ರಿಂದ ಇರುವ ಸೌಕರ್ಯ ಅದು. ಅಂಕಿ ಅಂದರೆ 0ರಿಂದ 9 ಮಾತ್ರ ಅಂತ ರೆಗೆಕ್ಸ್‌ಗೆ ಹೇಳುತ್ತದೆ. ಇನ್ನು ಮುಂದೆ ನಾನು ಮತ್ತೆ ಜಾಣತನ ಮಾಡಿ ಆ ಸಾಲು ತೆಗೆದರೂ ೩ ಬಾಗಿಲಲ್ಲೇ ನಿಲ್ಲುತ್ತದೆ, ಸೊನ್ನೆಯಾಗಿ ಒಳಗೆ ಬರುವುದಿಲ್ಲ.

ಎಲ್ಲ ಹಸಿರು. ಆದರೆ ಈಗ ನನಗೆ ಹಸಿರಿನ ಮೇಲೆ ನಂಬಿಕೆ ಹೋಗಿತ್ತು. ಮತ್ತೆ ಆ ಎಣಿಕೆಯ ಸಾಲು ನೋಡಿದೆ. ಫೈಲ್ಸ್ 29. ಫೈಂಡ್ ಕಮಾಂಡಿನಿಂದ ಟಿ ಒಳಗಿನ ಎಲ್ಲ ಚುಕ್ಕೆ ಟಿ ಫೈಲು ಎಣಿಸಿದರೆ 34. ಐದು ಕಡಿಮೆ.

ಹಳೆತಪ್ಪು ಫೋಲ್ಡರ್! ಅದು ಅಕ್ಷರ ಫೋಲ್ಡರ್‌ನ ಒಳಗಿದೆ. ಟಿ/*/*.ಟಿ ಅಂದರೆ ಒಂದು ಮೆಟ್ಟಿಲು ಮಾತ್ರ. ಅದು ಎರಡನೆಯ ಮೆಟ್ಟಿಲಿನಲ್ಲಿತ್ತು. ಅಲ್ಲಿರುವುದು ಹಣವನ್ನು ಅಕ್ಷರ ಮಾಡುವಾಗ ಹಿಂದೆ ಆದ ತಪ್ಪುಗಳು. 200 ಎರಡುನೂರು ಅಂತ ಬಂದದ್ದು, ಇನ್ನೂರು ಆಗಬೇಕು. 900 ಒಂಬತ್ತುನೂರು ಅಂತ ಬಂದದ್ದು, ಒಂಬೈನೂರು ಆಗಬೇಕು. 1,001 ಸಾವಿರ ಒಂದು ಅಲ್ಲ, ಸಾವಿರದ ಒಂದು. ಕಾಕಾ ಒಂದೊಂದೇ ಹಿಡಿದುಕೊಟ್ಟವು. ಪತ್ರದಲ್ಲಿ ಇಂಥದ್ದು ತಪ್ಪಿದರೆ ಅವರಿಗೆ ಮೈ ಉರಿಯುತ್ತದೆ.

ಮೇಕ್‌ಮೇಕರ್‌ನಲ್ಲಿ "ರಿಕರ್ಸಿವ್ ಟೆಸ್ಟ್ ಫೈಲ್ಸ್" ಅಂತ ಒಂದು ಆಯ್ಕೆ ಇದೆ. ಎಷ್ಟು ಆಳವಿದ್ದರೂ ಇಳಿದು ಹುಡುಕುತ್ತದೆ. ಅದನ್ನು ಸೇರಿಸಿ 1 ಅಂತ ಕೊಟ್ಟೆ. ಓಡಿಸಿದರೆ ಮತ್ತೆ 29! ಅರ್ಧ ಗಂಟೆ ತಲೆ ಕೆರೆದುಕೊಂಡೆ. ಆಮೇಲೆ ದಾಖಲೆ ಓದಿದೆ. ಮೊದಲೇ ಓದಬೇಕಿತ್ತು ಅಲ್ವಾ? "ಟೆಸ್ಟ್ಸ್" ಕೊಟ್ಟಿದ್ದರೆ ಅದೇ ಗೆಲ್ಲುತ್ತದೆ, ರಿಕರ್ಸಿವ್ ಆಯ್ಕೆಯನ್ನು ಅದು ಗಣನೆಗೇ ತೆಗೆದುಕೊಳ್ಳುವುದಿಲ್ಲ. ಎರಡರಲ್ಲಿ ಒಂದನ್ನು ಮಾತ್ರ ಇಡಬೇಕು.

ನಾನು ಯಾವುದನ್ನು ಇಟ್ಟೆ ಅಂದರೆ, ಹಳೆಯ "ಟೆಸ್ಟ್ಸ್" ಸಾಲನ್ನೇ. ಓದಿದ ಕೂಡಲೇ ಯಾವ ಪದರ ಓಡುತ್ತದೆ ಅಂತ ಕಣ್ಣಿಗೆ ಕಾಣುತ್ತದೆ, ಹಳೆಯ ಮೇಕ್‌ಮೇಕರ್ ಇರುವ ಮೆಷಿನ್‌ನಲ್ಲೂ ನಡೆಯುತ್ತದೆ. ಅದರ ಬದಲು ಹಳೆತಪ್ಪು ಫೋಲ್ಡರನ್ನು ಒಂದು ಮೆಟ್ಟಿಲು ಮೇಲೆ ತಂದೆ. ಅಕ್ಷರದ ಪಕ್ಕದಲ್ಲಿ ಅಕ್ಷರ-ಹಳೆತಪ್ಪು. 34 ಫೈಲಿಗೆ ಎರಡು ಮೆಟ್ಟಿಲಿನ ಮಹಡಿ ಯಾಕೆ ಬೇಕಿತ್ತೋ. ಭಾನುವಾರದ ಬೆಳಗಿನ ಹುರುಪು ಅದು.

ಆಮೇಲೆ ಒಂದು ಕೆಲಸ ಮಾಡಿದೆ, ಭಾನುವಾರವೇ ಮಾಡಬೇಕಾಗಿದ್ದದ್ದು. ಪ್ರತಿ ಫೋಲ್ಡರ್‌ಗೂ ಒಂದೊಂದು ಸುಳ್ಳು ಟೆಸ್ಟ್ ಹಾಕಿದೆ, ಬೇಕೆಂದೇ ಫೇಲಾಗುವಂಥದ್ದು. ಐದು ಫೋಲ್ಡರ್, ಐದು ಸುಳ್ಳು ಟೆಸ್ಟ್. ಮೇಕ್ ಟೆಸ್ಟ್ ಕೊಟ್ಟಾಗ ಐದೂ ಕೆಂಪು ಬಂದರೆ ಐದೂ ಫೋಲ್ಡರ್‌ಗೆ ಅದು ಇಳಿಯುತ್ತಿದೆ ಅಂತ ಅರ್ಥ. ಐದೂ ಬಂದವು. ಅಳಿಸಿದೆ. ಐದು ನಿಮಿಷದ ಕೆಲಸ. ಬಿಡುಗಡೆಗೆ ಮುಂಚೆ ಓಡಿಸುವ ನನ್ನ ಸ್ಕ್ರಿಪ್ಟ್‌ನಲ್ಲಿ ಎಣಿಕೆಯನ್ನೂ ಸೇರಿಸಿದೆ. ಫೈಂಡ್ ಎಣಿಸಿದ ಸಂಖ್ಯೆಗೂ ಹಾರ್ನೆಸ್ ಹೇಳಿದ ಸಂಖ್ಯೆಗೂ ತಾಳೆ ಆಗದಿದ್ದರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ.

ಇಷ್ಟಕ್ಕೆ ರಾತ್ರಿ ಹನ್ನೊಂದಾಯಿತು. ಟಾರ್ ಕಟ್ಟಿ ಮಲಗೋಣ ಅಂದುಕೊಂಡೆ. ಆಗ ಒಂದು ವಿಷಯ ಹೊಳೆಯಿತು. ಸೋಮವಾರ ಕಾಕಾನ ಅಂಗಡಿಯಲ್ಲಿ ಮೇಕ್‌ಫೈಲ್.ಪಿಎಲ್ ಓಡಿಸುವಾಗ ಪರದೆಯ ಮೇಲೆ ಉದ್ದ ಪಟ್ಟಿ ಒಂದು ಸರಸರ ಹೋಗಿತ್ತು. "ನಿಮ್ಮ ಕಿಟ್‌ನಲ್ಲಿ ಈ ಫೈಲುಗಳು ಕಾಣುತ್ತಿಲ್ಲ" ಅಂತ. ಕಾಕಾ ಆಗ ಯಾವುದೋ ಮದುವೆಯ ಕಥೆ ಹೇಳುತ್ತಿದ್ದರು. ನಾನು ಓದಲಿಲ್ಲ.

ಪರ್ಲ್ ಪ್ಯಾಕೇಜಿನಲ್ಲಿ ಮ್ಯಾನಿಫೆಸ್ಟ್ ಅಂತ ಒಂದು ಫೈಲಿರುತ್ತದೆ. ಟಾರ್ ಒಳಗೆ ಏನೇನು ಹೋಗಬೇಕು ಅನ್ನುವ ಪಟ್ಟಿ. ಲಾರಿಗೆ ಮಾಲು ತುಂಬುವಾಗ ಚೀಟಿ ಹಿಡಿದು ನಿಲ್ಲುವ ಗುಮಾಸ್ತನ ಹಾಗೆ. ಚೀಟಿಯಲ್ಲಿ ಇಲ್ಲದ್ದು ಲಾರಿ ಹತ್ತುವುದಿಲ್ಲ. ನಾನು ಫೈಲುಗಳನ್ನು ಸಾಗಿಸಿದ್ದೆ, ಚೀಟಿ ಹಳೆಯದೇ ಇತ್ತು. ಅದರಲ್ಲಿ ಬರೆದ ಹಳೆಯ ಹೆಸರಿನ 35 ಟೆಸ್ಟ್ ಫೈಲುಗಳು ಡಿಸ್ಕ್ ಮೇಲೆ ಇಲ್ಲ. ಡಿಸ್ಕ್ ಮೇಲಿದ್ದ ಹೊಸ ಹೆಸರಿನವು ಚೀಟಿಯಲ್ಲಿ ಇಲ್ಲ. ಅಂದರೆ ಕಾಕಾನ ಮೆಷಿನ್‌ಗೆ ಹೋದ ಟಾರ್‌ನಲ್ಲಿ ಟೆಸ್ಟು ಅಂತ ಇದ್ದದ್ದೇ ಎರಡು. ಅಲ್ಲಿ ಮೇಕ್‌ಫೈಲ್.ಪಿಎಲ್ ಸರಿ ಇದ್ದಿದ್ದರೂ ಓಡಲು ಏನೂ ಇರುತ್ತಿರಲಿಲ್ಲ.

"ಮೇಕ್ ಡಿಸ್ಟ್‌ಚೆಕ್" ಕೊಟ್ಟರೆ ಎರಡೂ ಕಡೆಯ ವ್ಯತ್ಯಾಸ ಹೇಳುತ್ತದೆ, ಚೀಟಿಯಲ್ಲಿ ಇಲ್ಲದ್ದು ಯಾವುದು, ಡಿಸ್ಕ್‌ನಲ್ಲಿ ಇಲ್ಲದ್ದು ಯಾವುದು. "ಮೇಕ್ ಮ್ಯಾನಿಫೆಸ್ಟ್" ಕೊಟ್ಟರೆ ಚೀಟಿಯನ್ನು ಹೊಸದಾಗಿ ಬರೆಯುತ್ತದೆ. ಸೇರಿಸಿದ್ದು, ತೆಗೆದದ್ದು ಒಂದೊಂದಾಗಿ ಪರದೆಯ ಮೇಲೆ ಬಂತು. ಈ ಸಲ ಪೂರ್ತಿ ಓದಿದೆ.

ಓದಿದರೂ ಒಂದು ತಪ್ಪಿಸಿಕೊಂಡಿತು. ಅದು ಸಿಕ್ಕಿದ್ದು "ಮೇಕ್ ಡಿಸ್ಟ್‌ಟೆಸ್ಟ್" ಕೊಟ್ಟಾಗ. ಈ ಕಮಾಂಡ್ ಚೀಟಿಯ ಪ್ರಕಾರ ಹೊಸ ಫೋಲ್ಡರ್ ಒಂದನ್ನು ಕಟ್ಟಿ, ಅದರೊಳಗೆ ಹೋಗಿ, ಮೇಕ್‌ಫೈಲ್.ಪಿಎಲ್ ಓಡಿಸಿ, ಮೇಕ್ ಮಾಡಿ, ಅಲ್ಲೇ ಟೆಸ್ಟ್ ಓಡಿಸುತ್ತದೆ. ನನ್ನ ಫೋಲ್ಡರ್‌ನಲ್ಲಿ ಎಲ್ಲ ಹಸಿರಿದ್ದದ್ದು ಅಲ್ಲಿ ಏಳು ಫೈಲು ಕೆಂಪಾಯಿತು. ಮಾದರಿ ಪಹಣಿ ಫೈಲು ಇಲ್ಲವಂತೆ.

ಮ್ಯಾನಿಫೆಸ್ಟ್.ಸ್ಕಿಪ್ ಅಂತ ಇನ್ನೊಂದು ಫೈಲಿದೆ, ಯಾವುದು ಹೋಗಬಾರದು ಅನ್ನುವ ಪಟ್ಟಿ. ಅದರಲ್ಲಿ ನಾನು "ಡೇಟಾ/" ಅಂತ ಬರೆದಿದ್ದೆ. ಪ್ಯಾಕೇಜಿನ ಬೇರಿನಲ್ಲಿ ಡೇಟಾ ಫೋಲ್ಡರ್ ಇದೆ. ಕಾಕಾ ಕೊಟ್ಟ ನಿಜವಾದ ಪಹಣಿಗಳ ನಕಲು ಅದರಲ್ಲಿವೆ, ಜನರ ಹೆಸರು, ಸರ್ವೆ ನಂಬರ್ ಸಮೇತ. ಅವು ಎಂದೂ ಹೊರಗೆ ಹೋಗಬಾರದು. ಆದರೆ ಆ ಪಟ್ಟಿಯ ಸಾಲುಗಳು ರೆಗೆಕ್ಸ್. "ಡೇಟಾ/" ಅನ್ನುವುದು ದಾರಿಯಲ್ಲಿ ಎಲ್ಲೇ ಬಂದರೂ ಹಿಡಿಯುತ್ತದೆ. ಮೊದಲು ಮಾದರಿ ಫೈಲು ಟಿಯಲ್ಲೇ ನೇರವಾಗಿ ಇತ್ತು, ತೊಂದರೆ ಇರಲಿಲ್ಲ. ಭಾನುವಾರ ಅದನ್ನು ಟಿ/ಡೇಟಾಕ್ಕೆ ಹಾಕಿದೆ, ಸಿಕ್ಕಿಬಿತ್ತು. ಸಾಲಿನ ಮೊದಲಿಗೆ "^" ಹಾಕಿದೆ, ಬೇರಿನ ಡೇಟಾ ಮಾತ್ರ ಅಂತ. ಮ್ಯಾನಿಫೆಸ್ಟ್ ಮತ್ತೆ, ಡಿಸ್ಟ್‌ಟೆಸ್ಟ್ ಮತ್ತೆ. ಫೈಲ್ಸ್ 34, ಪಾಸ್. ಟಾರ್ ಬಿಚ್ಚಿ ನಿಜವಾದ ಪಹಣಿ ಒಂದೂ ಒಳಗೆ ಬಂದಿಲ್ಲ ಅಂತ ಕಣ್ಣಾರೆ ನೋಡಿದೆ. ಅದನ್ನು ಯಾವ ಟೆಸ್ಟಿಗೂ ಬಿಡುವ ಧೈರ್ಯ ನನಗಿಲ್ಲ.

ಬುಧವಾರ ನನ್ನ ಹತ್ತಿರ ಕಲಿಯಲು ಬರುವ ಸೇಡಂ ಕಡೆಯ ಹುಡುಗಿಗೆ ಇದನ್ನೆಲ್ಲ ಹೇಳಿದೆ. ನಕ್ಕಳು. "ಪೈಥಾನ್‌ದಾಗ ಇವೆಲ್ಲ ಇಲ್ರಿ ಸರ. ಪೈಟೆಸ್ಟ್ ತಾನೇ ಒಳಗ ಇಳಿದು ಹುಡುಕ್ತದ." ಹೌದು, ಅದು ನಿಜ. ಮರುದಿನ ಅವಳೇ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. ಎರಡು ಫೋಲ್ಡರ್‌ನಲ್ಲಿ ಒಂದೇ ಹೆಸರಿನ ಟೆಸ್ಟ್ ಫೈಲು ಇಟ್ಟಿದ್ದಾಳೆ, ಫೋಲ್ಡರನ್ನು ಪ್ಯಾಕೇಜ್ ಅಂತ ಗುರುತಿಸುವ ಇನಿಟ್ ಫೈಲು ಎರಡರಲ್ಲೂ ಇಲ್ಲ, ಪೈಟೆಸ್ಟ್ "ಇಂಪೋರ್ಟ್ ಫೈಲ್ ಮಿಸ್‌ಮ್ಯಾಚ್" ಅನ್ನುತ್ತಿದೆ. ಎರಡನ್ನೂ ಒಂದೇ ಮಾಡ್ಯೂಲ್ ಅಂದುಕೊಂಡು ಗೊಂದಲಕ್ಕೆ ಬಿದ್ದಿದೆ ಅದು. ಫೋಲ್ಡರ್‌ಗಳಿಗೆ ಇನಿಟ್ ಫೈಲು ಹಾಕಿಸಿದೆ. ಓಡಿತು. ಆದರೆ ಇನಿಟ್ ಹಾಕಿದ ಕೂಡಲೇ ಟೆಸ್ಟ್ಸ್ ಫೋಲ್ಡರ್ ಕೂಡ ಒಂದು ಪ್ಯಾಕೇಜ್ ಆಯಿತು. ಅವಳ ಸೆಟಪ್ ಫೈಲಿನಲ್ಲಿದ್ದ ಫೈಂಡ್ ಪ್ಯಾಕೇಜಸ್ ಅದನ್ನೂ ಎತ್ತಿಕೊಂಡು ವೀಲ್‌ನಲ್ಲಿ, ಅಂದರೆ ಇನ್‌ಸ್ಟಾಲ್ ಮಾಡುವ ಕಟ್ಟಿನಲ್ಲಿ, ತುಂಬಿತು. ಇನ್‌ಸ್ಟಾಲ್ ಮಾಡಿದರೆ "ಟೆಸ್ಟ್ಸ್" ಅನ್ನುವ ಹೆಸರಿನಲ್ಲೇ ಹೋಗಿ ಕೂರುತ್ತದೆ. ಎಕ್ಸ್‌ಕ್ಲೂಡ್ ಪಟ್ಟಿಯಲ್ಲಿ ಟೆಸ್ಟ್ಸ್ ಮತ್ತು ಟೆಸ್ಟ್ಸ್.* ಎರಡನ್ನೂ ಹಾಕಿಸಿದೆ. ಮೊದಲನೆಯದನ್ನು ಮಾತ್ರ ಹಾಕಿದರೆ ಒಳಗಿನವು ಹಾಗೇ ಉಳಿಯುತ್ತವೆ. ಪರ್ಲ್‌ನಲ್ಲಿ ಈ ಒಂದು ಕಾಟ ಇಲ್ಲ. ಮೇಕ್ ಇನ್‌ಸ್ಟಾಲ್ ಮಾಡಿದಾಗ ಟಿ ಫೋಲ್ಡರ್ ಎಲ್ಲಿಗೂ ಹೋಗುವುದಿಲ್ಲ. ಅವಳಿಗೆ ಅದನ್ನು ಎರಡು ಸಲ ಹೇಳಿದೆ.

ಇಷ್ಟೆಲ್ಲ ಆದಮೇಲೂ ಫೋಲ್ಡರ್ ಮಾಡಿದ್ದು ವ್ಯರ್ಥ ಅನಿಸಲಿಲ್ಲ. ಗುಂಟೆ ಕಳೆಯುವ ಕೋಡ್ ಮುಟ್ಟಿದಾಗ ಟಿ/ಲೆಕ್ಕ ಒಂದನ್ನೇ ಓಡಿಸುತ್ತೇನೆ. 4-10ರಲ್ಲಿ 0-15 ಕಳೆದರೆ 3-35 ಬರುತ್ತಾ ಅಂತ ಕಣ್ಣು ಮಿಟುಕಿಸುವಷ್ಟರಲ್ಲಿ ಗೊತ್ತಾಗುತ್ತದೆ. ಪ್ರೂವ್‌ಗೆ ಎಲ್ (ಲಿಬ್ ಫೋಲ್ಡರ್‌ನಲ್ಲೂ ಮಾಡ್ಯೂಲ್ ಹುಡುಕು ಅಂತ) ಮತ್ತು ಆರ್ ಸ್ವಿಚ್ ಪ್ರತಿ ಸಲ ಹೊಡೆಯುವುದು ಬೇಡ ಅಂತ ಚುಕ್ಕೆ ಪ್ರೂವ್‌ಆರ್‌ಸಿ ಫೈಲಿನಲ್ಲಿ ಬರೆದಿಟ್ಟಿದ್ದೇನೆ. ಆರ್ ಮರೆತುಹೋಗುವ ಭಯ ಅಲ್ಲಿಗೆ ಮುಗಿಯಿತು.

ಶುಕ್ರವಾರ ಬೆಳಗ್ಗೆ ಸುಸ್ಲಾ, ಮಿರ್ಚಿ ಕಟ್ಟಿಸಿಕೊಂಡು ಕಾಕಾನ ಅಂಗಡಿಗೆ ಹೋದೆ. ಬರಿಗೈಲಿ ಹೋಗುವ ಮುಖ ಇರಲಿಲ್ಲ. ಹೊಸ ಟಾರ್ ಬಿಚ್ಚಿ ಜಿಮೇಕ್ ಟೆಸ್ಟ್ ಕೊಟ್ಟೆ. ಸಾಲು ಸಾಲು ಓಕೆ ಓಡತೊಡಗಿದವು. ಕಾಕಾ ಕನ್ನಡಕ ಏರಿಸಿಕೊಂಡು ನೋಡಿದರು.

"ಇಷ್ಟೆಲ್ಲಾ ಓಕೆ ಓಕೆ ಅಂತದಲ್ಲೋ ತಮ್ಮಾ. ಮೊನ್ನಿ ಯಾಕ ಸುಮ್ನಿತ್ತು ಇದು?"

"ಮೊನ್ನೆ ಎರಡೇ ಓಕೆ ಬಂದಿದ್ದವು ಕಾಕಾ. ನಾನೇ ಎಣಿಸಲಿಲ್ಲ."

"ಹಾಂ." ಮಿರ್ಚಿ ಬಾಯಿಗೆ ಹಾಕಿಕೊಂಡು ಅದೇ ಪತ್ರ ತೆಗೆದರು. ೩-೨೮ ಅಂತ ಕನ್ನಡದಲ್ಲೇ ಹೊಡೆದರು, ಕೆಳಗೆ 2-25. 6 ಎಕರೆ 13 ಗುಂಟೆ ಬಂತು. ಬೆರಳು ಮಡಚಿ ತಾವೂ ಒಮ್ಮೆ ಕೂಡಿಸಿ ನೋಡಿದರು, ಆಮೇಲೆ ಪ್ರಿಂಟ್ ಕೊಟ್ಟರು.